ಮಾಸಿದ ವಿಮಾನ

ನನ್ನ ಬರೆಯುವ ಮೇಜಿನ ಮೇಲೆ ಒಂದು ಪುಟ್ಟ ವಿಮಾನವಿದೆ. ಮೂಗಿನಿಂದ ಬಾಲದವರೆಗೆ ಅಳೆದರೆ ಹನ್ನೆರಡೂವರೆ ಸೆಂಟಿಮೀಟರ್. ಅಂಗೈಯಲ್ಲಿಟ್ಟುಕೊಂಡರೆ ಬೆರಳುಗಳ ತುದಿಯನ್ನು ದಾಟದು. ಮನೆಗೆ ಬಂದವರ ಕಣ್ಣು ಮೊದಲು ಬೀಳುವುದು ಅದರ ಮೇಲೆಯೇ. ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಾರೆ, ಮೆಚ್ಚುತ್ತಾರೆ. ಅನಂತರ ಅವರ ಹೆಬ್ಬೆರಳು ತಾನಾಗಿಯೇ ಅದರ ಹೊಟ್ಟೆಯ ಭಾಗವನ್ನು ಉಜ್ಜತೊಡಗುತ್ತದೆ.

“ಏನು ಮೇಷ್ಟ್ರೇ, ಇಷ್ಟು ಅಂದವಾದ ವಿಮಾನವನ್ನು ಹೀಗೆ ಕೊಳೆಯಾಗಲು ಬಿಟ್ಟಿದ್ದೀರಲ್ಲ! ಒಂದು ಒದ್ದೆ ಬಟ್ಟೆಯಿಂದ ಒರೆಸಬಾರದೆ?” ಎಂದು ಕೇಳುತ್ತಾರೆ.

“ದಯವಿಟ್ಟು ಉಜ್ಜಬೇಡಿ. ವಿಮಾನವನ್ನು ಕಟ್ಟಲು ನನಗೆ ಹದಿನೈದು ದಿನ ಸಾಕಾಯಿತು; ಆ ಕೊಳೆಯನ್ನು ಮಾಡಲು ಒಂದು ತಿಂಗಳು ಹಿಡಿಯಿತು” ಎನ್ನುತ್ತೇನೆ ನಾನು.

ಅವರು ನನ್ನ ಮುಖವನ್ನೇ ನೋಡುತ್ತಾರೆ. ಕೆಲಸದಿಂದ ನಿವೃತ್ತರಾದ ಮೇಷ್ಟರ ಬುದ್ಧಿಯೂ ನಿವೃತ್ತಿ ಪಡೆದಿರಬೇಕೆಂದು ಒಳಗೊಳಗೇ ಮರುಗುವವರೂ ಉಂಟು. ಅವರ ಮರುಕಕ್ಕೆ ಉತ್ತರವಾಗಿ ಆ ಕೊಳೆಯ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಮೂವತ್ತೈದು ವರ್ಷ ಮಕ್ಕಳಿಗೆ ಕನ್ನಡ ಪಾಠ ಹೇಳಿ 2017ರಲ್ಲಿ ನಾನು ನಿವೃತ್ತನಾದೆ. ಬಿಡುವು ಬಹಳವಾದರೆ ಅದೂ ಒಂದು ಭಾರವೆಂಬುದು ಆಮೇಲೆ ತಿಳಿಯಿತು. ಓದುವುದಕ್ಕೆ ಪುಸ್ತಕಗಳಿದ್ದುವು, ಆದರೆ ಕೈಗೆ ಕೆಲಸವಿರಲಿಲ್ಲ. ಹೀಗಿರುವಾಗ ಒಂದು ದಿನ ಹೈಸ್ಕೂಲಿನಲ್ಲಿ ಓದುತ್ತಿರುವ ನನ್ನ ಮೊಮ್ಮಗ ಒಂದು ರಟ್ಟಿನ ಪೆಟ್ಟಿಗೆಯನ್ನು ತಂದು ನನ್ನ ಮುಂದಿಟ್ಟ. ಆ ಹುಡುಗನಿಗೆ ಮಾದರಿ ವಿಮಾನಗಳನ್ನು ಕಟ್ಟುವ ಹವ್ಯಾಸ. “ತಾತ, ಈ ವಿಮಾನವನ್ನು ನಾವಿಬ್ಬರೂ ಸೇರಿ ಕಟ್ಟೋಣ. ಇದು ನಿಮಗೆ ಗೊತ್ತಿರುವ ವಿಮಾನ” ಎಂದ. ಪೆಟ್ಟಿಗೆಯ ಮೇಲಿನ ಚಿತ್ರವನ್ನು ನೋಡಿದೆ. ಕನ್ನಡಕವನ್ನು ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ಅದು ‘ನ್ಯಾಟ್’.

ಇಂಗ್ಲಿಷಿನಲ್ಲಿ ನ್ಯಾಟ್ ಎಂದರೆ ನುಸಿ. ಹೆಸರಿಗೆ ತಕ್ಕ ಗಾತ್ರ. ಅದರ ಕಾಲದ ಇತರ ಕಾಳಗದ ಜೆಟ್ ವಿಮಾನಗಳ ಪಕ್ಕದಲ್ಲಿ ನಿಂತರೆ ಅದು ಆನೆಗಳ ನಡುವಿನ ಆಡಿನಮರಿಯಂತೆ ಕಾಣುತ್ತಿತ್ತು. ಹಂಟರ್ ವಿಮಾನದ ಉದ್ದ ಸುಮಾರು 14 ಮೀಟರ್, ಸೇಬರ್ ವಿಮಾನದ್ದು 11 ಮೀಟರಿಗೂ ಹೆಚ್ಚು. ನ್ಯಾಟ್ ಸುಮಾರು 9 ಮೀಟರ್ ಮಾತ್ರ. ವಿಮಾನಗಳು ವರ್ಷದಿಂದ ವರ್ಷಕ್ಕೆ ಭಾರವಾಗುತ್ತ, ಬೆಲೆಯೂ ಏರುತ್ತ ಹೋಗುತ್ತಿದ್ದ ಕಾಲದಲ್ಲಿ, ಚಿಕ್ಕದೂ ಹಗುರವೂ ಆದ ವಿಮಾನವೂ ಚೆನ್ನಾಗಿ ಹೋರಾಡಬಲ್ಲುದೆಂದು ವಾದಿಸಿ ಇಂಗ್ಲೆಂಡಿನ ಪೆಟ್ಟರ್ ಎಂಬ ಶಿಲ್ಪಿ ಇದನ್ನು ರೂಪಿಸಿದ. ಅದು ಮೊದಲು ಹಾರಿದ್ದು 1955ರಲ್ಲಿ. ಅವನ ದೇಶದ ವಾಯುಪಡೆ ಇದರ ತರಬೇತಿ ರೂಪವನ್ನು ಸ್ವೀಕರಿಸಿತೇ ಹೊರತು ಕಾಳಗದ ರೂಪವನ್ನು ಮೆಚ್ಚಲಿಲ್ಲ. ಮೆಚ್ಚಿಕೊಂಡದ್ದು ಮುಖ್ಯವಾಗಿ ನಮ್ಮ ದೇಶ. 1956ರಲ್ಲಿ ಒಪ್ಪಂದವಾಗಿ, ನ್ಯಾಟ್ ವಿಮಾನಗಳೂ ಅವುಗಳ ‘ಆರ್ಫಿಯಸ್’ ಎಂಜಿನುಗಳೂ ನಮ್ಮ ಬೆಂಗಳೂರಿನಲ್ಲಿಯೇ ತಯಾರಾಗತೊಡಗಿದುವು. 1965ರ ಯುದ್ಧದಲ್ಲಿ ಈ ನುಸಿ ತನಗಿಂತ ದೊಡ್ಡವಾದ ಸೇಬರ್ ವಿಮಾನಗಳನ್ನು ಎದುರಿಸಿ ಹೆಸರು ಮಾಡಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ವಿಮಾನ ನಿಲ್ದಾಣದ ಮೇಲೆ ಬಾಂಬುಗಳು ಬೀಳುತ್ತಿರುವಾಗಲೇ ನೆಲ ಬಿಟ್ಟು ಮೇಲೇರಿ, ಒಬ್ಬಂಟಿಯಾಗಿ ಹೋರಾಡಿ ಪ್ರಾಣವನ್ನರ್ಪಿಸಿದ ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೇಖೋನರು ಹಾರಿಸಿದ್ದೂ ನ್ಯಾಟ್ ವಿಮಾನವನ್ನೇ. ಪರಮವೀರ ಚಕ್ರವನ್ನು ಪಡೆದ ವಾಯುಪಡೆಯ ಯೋಧರು ಇಂದಿಗೂ ಅವರೊಬ್ಬರೇ.

ಮೊಮ್ಮಗ “ನಿಮಗೆ ಗೊತ್ತಿರುವ ವಿಮಾನ” ಎಂದದ್ದು ಈ ಇತಿಹಾಸದ ಕಾರಣದಿಂದಲ್ಲ. ನನ್ನ ತಂದೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. 1940ರಲ್ಲಿ ಸ್ಥಾಪಿತವಾದ ಆ ಕಾರ್ಖಾನೆ ನಮ್ಮ ಮನೆಯ ಗಡಿಯಾರವಾಗಿತ್ತು. ಅದರ ಸೈರನ್ನು ಕೂಗಿದರೆ ನಮಗೆ ಬೆಳಗಾಗುತ್ತಿತ್ತು, ಮತ್ತೆ ಕೂಗಿದರೆ ಒಲೆಯ ಮೇಲೆ ಕಾಫಿಗೆ ನೀರು ಏರುತ್ತಿತ್ತು. ನ್ಯಾಟ್ ವಿಮಾನಗಳ ಜೋಡಣೆಯ ವಿಭಾಗದಲ್ಲಿ ಅಪ್ಪ ಹಲವು ವರ್ಷ ದುಡಿದರು. ಆಕಾಶದಲ್ಲಿ ಶಬ್ದವಾದರೆ ಅಂಗಳಕ್ಕೆ ಓಡಿಬಂದು, “ಅಪ್ಪನ ವಿಮಾನ, ಅಪ್ಪನ ವಿಮಾನ” ಎಂದು ನಾವು ಮಕ್ಕಳು ಕುಣಿಯುತ್ತಿದ್ದೆವು.

ಪೆಟ್ಟಿಗೆಯನ್ನು ತೆರೆದರೆ ವಿಮಾನವೇನೂ ಕಾಣಲಿಲ್ಲ. ಬೂದು ಬಣ್ಣದ ಪ್ಲಾಸ್ಟಿಕ್ಕಿನ ಚೌಕಟ್ಟುಗಳು. ಅವುಗಳಿಗೆ ಹಲಸಿನ ತೊಳೆಗಳಂತೆ ಅಂಟಿಕೊಂಡಿರುವ ರೆಕ್ಕೆ, ಬಾಲ, ಚಕ್ರ, ಆಸನ. ಇದರ ಅಳತೆ 1:72. ನಿಜ ವಿಮಾನದ 72 ಅಂಗುಲ, ಎಂದರೆ ಆರು ಅಡಿ, ಇಲ್ಲಿ ಒಂದು ಅಂಗುಲ. ಆರು ಅಡಿ ಎತ್ತರದ ಮನುಷ್ಯ ಈ ಲೋಕಕ್ಕೆ ಬಂದರೆ ಹೆಬ್ಬೆರಳಿನ ಒಂದು ಗೆಣ್ಣಿನಷ್ಟೇ ಉಳಿಯುತ್ತಾನೆ. ಈ ಅಳತೆ ಕೇವಲ ಆಟಕ್ಕಾಗಿ ಬಳಕೆಗೆ ಬಂದುದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಕಾಶದಲ್ಲಿ ಬರುತ್ತಿರುವುದು ಮಿತ್ರನ ವಿಮಾನವೋ ಶತ್ರುವಿನದೋ ಎಂದು ಗುರುತಿಸಲು ಸೈನಿಕರಿಗೆ ಮಾದರಿಗಳನ್ನು ತೋರಿಸಿ ಕಲಿಸುತ್ತಿದ್ದರು. 1942ರಲ್ಲಿ ಅಮೆರಿಕದ ನೌಕಾಪಡೆ ಇಂಥ ಐದು ಲಕ್ಷ ಮರದ ಮಾದರಿಗಳನ್ನು ಮಾಡಿಕೊಡುವಂತೆ ತನ್ನ ದೇಶದ ಪ್ರೌಢಶಾಲೆಗಳ ಮಕ್ಕಳನ್ನು ಕೇಳಿಕೊಂಡಿತು. ಅವುಗಳ ಅಳತೆಯೂ ಇದೇ. 10 ಮೀಟರ್ ದೂರದಲ್ಲಿ ನೇತುಹಾಕಿದ ಇಂಥ ಮಾದರಿ, 720 ಮೀಟರ್ ದೂರದಲ್ಲಿರುವ ನಿಜ ವಿಮಾನದಷ್ಟೇ ಗಾತ್ರಕ್ಕೆ ಕಣ್ಣಿಗೆ ಕಾಣುತ್ತದೆ. ಆ ಮಾದರಿಗಳಿಗೆ ಬರಿಯ ಕಪ್ಪು ಬಣ್ಣ ಬಳಿಯುತ್ತಿದ್ದರು. ಆಕಾರವೊಂದು ತಿಳಿದರೆ ಸಾಕಾಗಿತ್ತು. ಹವ್ಯಾಸಿಗಳಿಗೆ ಹಾಗಲ್ಲ, ಅವರಿಗೆ ಬಣ್ಣವೂ ಬೇಕು, ಬಣ್ಣ ಕೆಟ್ಟ ಬಗೆಯೂ ಬೇಕು.

ನಾವು ಕೆಲಸ ಆರಂಭಿಸಿದೆವು. ಚೌಕಟ್ಟಿನಿಂದ ಭಾಗಗಳನ್ನು ಕತ್ತರಿಸುವುದು, ಸಣ್ಣ ಅರದಿಂದ ಉಜ್ಜುವುದು, ಅಂಟು ಹಚ್ಚಿ ಜೋಡಿಸುವುದು, ಬಿರುಕುಗಳಿಗೆ ಲಪ್ಪ ತುಂಬುವುದು, ಅದು ಒಣಗಿದ ಮೇಲೆ ನಯವಾದ ಉಪ್ಪುಕಾಗದದಿಂದ ತಿಕ್ಕುವುದು. ಮೊದಲ ದಿನವೇ ನನ್ನ ಹೆಬ್ಬೆರಳೂ ತೋರುಬೆರಳೂ ಅಂಟಿನಿಂದ ಒಂದಾಗಿ, ಹಾಜರಿ ತೆಗೆದುಕೊಳ್ಳುವ ಭಂಗಿಯಲ್ಲಿಯೇ ಬಹಳ ಹೊತ್ತು ಕುಳಿತಿದ್ದೆ. ಒಂದು ಚಕ್ರ ನನ್ನ ಚಿಮಟದಿಂದ ಹಾರಿ ಹೋಯಿತು. ಅದನ್ನು ಹುಡುಕಲು ತಾತ ಮೊಮ್ಮಗ ಇಬ್ಬರೂ ನೆಲದ ಮೇಲೆ ಅಂಗಾತ, ಬೋರಲು, ಎಲ್ಲ ರೀತಿಯಲ್ಲಿಯೂ ಮಲಗಿದೆವು. ಕೊನೆಗೆ ಅದು ಸಿಕ್ಕಿದ್ದು ನನ್ನ ಅಂಗಿಯ ಜೇಬಿನಲ್ಲಿ.

ಬಣ್ಣ ಬಳಿಯುವುದು ಮುಂದಿನ ಹಂತ. ಬಾಗಿಲಿಗೂ ಕಿಟಕಿಗೂ ಬಣ್ಣ ಹಚ್ಚಿ ಬಲ್ಲವನಾದ ನಾನು ಕುಂಚವನ್ನು ಡಬ್ಬಿಯಲ್ಲಿ ಮುಳುಗಿಸಿದೊಡನೆ ಮೊಮ್ಮಗ ಕೈಹಿಡಿದ. “ತಾತ, ವಿಮಾನ 72 ಪಟ್ಟು ಚಿಕ್ಕದಾಗಿದೆ, ಆದರೆ ಬಣ್ಣ ಚಿಕ್ಕದಾಗುವುದಿಲ್ಲ” ಎಂದ. ಮಾತು ನಿಜ. ನಾನು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪನಾಗಿ ಬಣ್ಣ ಬಳಿದರೆ, ಅದು ನಿಜ ವಿಮಾನದ ಮೇಲೆ 7 ಮಿಲಿಮೀಟರಿಗೂ ಹೆಚ್ಚು ದಪ್ಪ ಬಳಿದಂತೆ. ತಗಡುಗಳ ನಡುವಿನ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಆದ್ದರಿಂದ ಬಣ್ಣವನ್ನು ಹಾಲಿನಷ್ಟು ತೆಳುವಾಗಿ ಕಲಸಿ, ಒಂದು ಪದರ ಒಣಗಿದ ಮೇಲೆ ಇನ್ನೊಂದು ಪದರ ಕೊಡಬೇಕು. ಅದರಲ್ಲಿಯೂ ನಮ್ಮ ವಿಮಾನದ್ದು ಬೆಳ್ಳಿಯ ಬಣ್ಣ. ಅದು ಬಲು ಚಾಡಿಕೋರ ಬಣ್ಣ. ಕೆಳಗೆ ಕೂದಲೆಳೆಯಷ್ಟು ಗೀರು ಉಳಿದಿದ್ದರೂ ಅದನ್ನು ಎಲ್ಲರಿಗೂ ತೋರಿಸಿಕೊಡುತ್ತದೆ. ಎರಡು ಬಾರಿ ಬಳಿದು, ಎರಡು ಬಾರಿಯೂ ತಿಕ್ಕಿ ತೆಗೆದು, ಮೂರನೆಯ ಬಾರಿಗೆ ಸಮಾಧಾನವಾಯಿತು. ಕಾಗದದ ಮೇಲೆ ಅಚ್ಚಾದ ಮೂರು ಬಣ್ಣದ ವೃತ್ತಗಳನ್ನು ನೀರಿನಲ್ಲಿ ನೆನೆಸಿ, ಕುಂಚದ ತುದಿಯಿಂದ ರೆಕ್ಕೆಯ ಮೇಲೆ ಜಾರಿಸಿ ಕೂರಿಸಿದೆವು. ಅದರ ಮೇಲೆ ಹೊಳೆಯುವ ವಾರ್ನಿಷಿನ ಒಂದು ಪದರ.

ಆ ಸಂಜೆ ವಿಮಾನವನ್ನು ಕಿಟಕಿಯ ಬೆಳಕಿನಲ್ಲಿಟ್ಟು ನೋಡಿದೆ. ಮದುವೆಗೆ ಹೊರಟ ಬೆಳ್ಳಿಯ ಪಂಚಪಾತ್ರೆಯಂತೆ ಥಳಥಳಿಸುತ್ತಿತ್ತು. “ಕೆಲಸ ಮುಗಿಯಿತು” ಎಂದೆ.

“ಅರ್ಧ ಮುಗಿಯಿತು ತಾತ. ಇನ್ನು ಇದನ್ನು ಮಾಸುವಂತೆ ಮಾಡಬೇಕು” ಎಂದ ಮೊಮ್ಮಗ.

ನನಗೆ ರೇಗಿತು. ಇಷ್ಟು ದಿನ ಕಣ್ಣು ನೋಯಿಸಿಕೊಂಡು ಬಳಿದ ಬಣ್ಣದ ಮೇಲೆ ನಾವೇ ಮಸಿ ಬಳಿಯುವುದೆ? ನೋಟುಪುಸ್ತಕದಲ್ಲಿ ಒಂದು ಹನಿ ಶಾಯಿ ಬಿದ್ದರೂ ಹಾಳೆಯನ್ನು ಮತ್ತೆ ಬರೆಸುತ್ತಿದ್ದವನು ನಾನು. ಚೊಕ್ಕಟವೇ ಅಂದ, ಕಲೆಯೇ ಕುಂದು ಎಂಬುದು ನನ್ನ ಜೀವಮಾನದ ನಂಬಿಕೆ. ಹುಡುಗ ವಾದ ಮಾಡಲಿಲ್ಲ. “ಇದು ಆಟದ ಸಾಮಾನಿನಂತೆ ಕಾಣುತ್ತಿದೆ. ಇದು ಒಂದು ದಿನವೂ ಹಾರಿಲ್ಲ” ಎಂದಷ್ಟೇ ಹೇಳಿ ಪುಸ್ತಕ ತೆಗೆದುಕೊಂಡು ಓದಲು ಕುಳಿತ. ಆ ಮಾತು ನನ್ನನ್ನು ರಾತ್ರಿಯೆಲ್ಲ ಬಿಡಲಿಲ್ಲ. ಮರುದಿನ ನಾನೇ ಹೋಗಿ, “ಮಾಸುವುದು ಹೇಗೆಂದು ಹೇಳಿಕೊಡು” ಎಂದೆ. ಮೇಷ್ಟರು ವಿದ್ಯಾರ್ಥಿಯಾದರು.

ಈ ವಿದ್ಯೆಯಲ್ಲಿ ಒಂದೇ ನಿಯಮ: ಕಾರಣವಿಲ್ಲದ ಕಲೆ ಇರಕೂಡದು. ವಿಮಾನದ ಮೈ ಒಂದೇ ತಗಡಲ್ಲ; ನೂರಾರು ತಗಡುಗಳನ್ನು ಕೂಡಿಸಿ ರಿವೆಟ್ ಹೊಡೆದದ್ದು. ಆ ಸಂದುಗಳಲ್ಲಿ ಧೂಳೂ ಎಣ್ಣೆಯೂ ಸೇರಿ ಕಪ್ಪುಗೆರೆಯಾಗುತ್ತವೆ. ಎಂಜಿನಿನ ಬಿಸಿಯನ್ನು ಕಂಡ ಬಾಲದ ಕೊಳವೆಯ ಉಕ್ಕು ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ನೀಲಿ ಹೀಗೆ ಬಣ್ಣ ಬದಲಾಯಿಸುತ್ತದೆ. ನ್ಯಾಟ್ ವಿಮಾನದ ಎರಡು ಫಿರಂಗಿಗಳು ಎಂಜಿನಿಗೆ ಗಾಳಿ ಹೋಗುವ ಬಾಯಿಗಳ ಪಕ್ಕದಲ್ಲಿಯೇ ಇವೆ. ಗುಂಡು ಹಾರಿಸಿದ ವಿಮಾನವಾದರೆ ಅಲ್ಲಿ ಮಸಿ ಹಿಡಿದಿರಬೇಕು. ತಂತ್ರಜ್ಞರು ದಿನವೂ ತೆರೆದು ಮುಚ್ಚುವ ಮುಚ್ಚಳಗಳ ಅಂಚಿನಲ್ಲಿ, ತಿರುಪು ತಿರುಗಿಸುವ ಜಾಗದಲ್ಲಿ ಬಣ್ಣ ಎದ್ದುಹೋಗಿರುತ್ತದೆ. ಎಂದೂ ತೆರೆಯದ ಕಡೆ ಏಳುವುದಿಲ್ಲ. ಬಿಸಿಲಿಗೆ ಒಡ್ಡಿಕೊಂಡ ಮೇಲ್ಭಾಗ ಮಂಕಾಗುತ್ತದೆ; ನೆರಳಿನಲ್ಲಿರುವ ಹೊಟ್ಟೆ ಅಷ್ಟಾಗಿ ಮಂಕಾಗದು, ಆದರೆ ಎಣ್ಣೆಯ ಕೊಳೆ ಹೆಚ್ಚಾಗಿ ಕಾಣುವುದು ಅಲ್ಲಿಯೇ. ಕಲೆ ಹರಿಯುವುದಕ್ಕೂ ದಿಕ್ಕುಂಟು. ಹಾರುವಾಗ ಸೋರಿದ ಎಣ್ಣೆಯನ್ನು ಗಾಳಿ ಬಾಲದ ಕಡೆಗೆ ಎಳೆಯುತ್ತದೆ; ನಿಂತಾಗ ಸೋರಿದ್ದು ನೇರವಾಗಿ ನೆಲಕ್ಕೆ ಇಳಿಯುತ್ತದೆ. ಬಲ್ಲವನು ವಿಮಾನದ ಮೈಯನ್ನು ನೋಡಿ ಅದರ ದಿನಚರಿಯನ್ನು ಓದಬಹುದು.

ಇದನ್ನೆಲ್ಲ ಕೇಳಿದ ಮೇಲೆ ನನಗೆ ಉತ್ಸಾಹ ಬಂದಿತು. ಉತ್ಸಾಹದ ಜೊತೆಗೆ ಅವಿವೇಕವೂ ಬಂದಿತು. ಕಂದು ಬಣ್ಣದ ತೈಲವರ್ಣವನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಕದಡಿ ಸಂದುಗಳಿಗೆಲ್ಲ ಹರಿಸಿದೆ. ಚೆನ್ನಾಗಿ ಕಂಡಿತು. ಇನ್ನಷ್ಟು ಹರಿಸಿದೆ. ಬಣ್ಣದ ಸೀಮೆಸುಣ್ಣವನ್ನು ಪುಡಿಮಾಡಿ ಮಸಿ ಹಚ್ಚಿದೆ. ಪೆನ್ಸಿಲಿನ ತುದಿಯಿಂದ ಎಲ್ಲ ಅಂಚುಗಳಲ್ಲಿಯೂ ಬಣ್ಣ ಎದ್ದಂತೆ ಮಾಡಿದೆ. ಸಂಜೆ ಮೊಮ್ಮಗ ಶಾಲೆಯಿಂದ ಬಂದು ನೋಡಿ, “ತಾತ, ಇದನ್ನು ಕೆರೆಯಿಂದ ಎತ್ತಿದರೆ?” ಎಂದು ಕೇಳಿದ. ಕೆಸರಿನಲ್ಲಿ ಹೊರಳಿದ ಎಮ್ಮೆಯ ಹಾಗಿತ್ತು ನನ್ನ ವಿಮಾನ. ಹುಡುಗರು ಪ್ರಬಂಧದಲ್ಲಿ ವಿಶೇಷಣಗಳನ್ನು ಗುಡ್ಡೆಹಾಕಿದಾಗ ನಾನು ಕೆಂಪು ಶಾಯಿಯಿಂದ ಹೊಡೆದುಹಾಕುತ್ತಿದ್ದೆ. ಇಂದು ನಾನೇ ಆ ತಪ್ಪನ್ನು ಮಾಡಿದ್ದೆ. ನಿಜ ವಿಮಾನದ ಮೇಲೆ ಒಂದು ಗೇಣುದ್ದ ಹರಿದ ಎಣ್ಣೆ ಈ ಮಾದರಿಯ ಮೇಲೆ ಮೂರೇ ಮಿಲಿಮೀಟರ್ ಎಂಬುದನ್ನು ಮರೆತಿದ್ದೆ. ಅದೃಷ್ಟಕ್ಕೆ ಕೆಳಗೆ ವಾರ್ನಿಷಿನ ಕವಚವಿತ್ತು. ಟರ್ಪೆಂಟೈನಿನಲ್ಲಿ ಅದ್ದಿದ ಹತ್ತಿಯಿಂದ ಮೂಗಿನಿಂದ ಬಾಲದ ಕಡೆಗೆ ಮೆಲ್ಲನೆ ಒರೆಸಿ, ಮಾಡಿದ್ದನ್ನೆಲ್ಲ ಅಳಿಸಿದೆವು.

ಈ ಸಲ ನಿಜವಾದ ವಿಮಾನವನ್ನು ನೋಡಿಯೇ ಮುಂದುವರಿಯೋಣ ಎಂದುಕೊಂಡೆ. ಇಬ್ಬರೂ ಕಸ್ತೂರ್ಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಲ್ಲಿ ‘ಮಾರುತ್’ ವಿಮಾನವಿದೆ. ಅದು ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ತಜ್ಞರ ನೇತೃತ್ವದಲ್ಲಿ ಬೆಂಗಳೂರಿನಲ್ಲಿಯೇ ರೂಪುಗೊಂಡು, 1961ರಲ್ಲಿ ಮೊದಲು ಹಾರಿದ ಜೆಟ್ ವಿಮಾನ. ಅದರ ಸುತ್ತ ಮೂರು ಪ್ರದಕ್ಷಿಣೆ ಹಾಕಿದೆವು. ಆದರೆ ನಾವು ಹುಡುಕುತ್ತಿದ್ದುದು ಅಲ್ಲಿರಲಿಲ್ಲ. ಪ್ರದರ್ಶನಕ್ಕೆ ನಿಲ್ಲಿಸಿದ ವಿಮಾನಕ್ಕೆ ಮಳೆಯ ಕಲೆಯುಂಟು, ಧೂಳಿನ ಕಲೆಯುಂಟು; ಹಾರಾಟದ ಕಲೆ ಎಲ್ಲಿಂದ ಬರಬೇಕು? ಎಂಜಿನು ಬಿಸಿಯಾಗಿ ಎಷ್ಟೋ ವರ್ಷಗಳಾಗಿವೆ. ಎಣ್ಣೆ ಆರಿಹೋಗಿದೆ. “ಹಾರುತ್ತಿದ್ದ ಕಾಲದಲ್ಲಿ ಹತ್ತಿರದಿಂದ ನೋಡಿದವರನ್ನು ಕೇಳಬೇಕು ತಾತ” ಎಂದ ಹುಡುಗ. ನಾನು ಮಾತಾಡಲಿಲ್ಲ. ಹತ್ತಿರದಿಂದ ನೋಡಿದವರು ಒಬ್ಬರು ನಮ್ಮ ಮನೆಯಲ್ಲಿಯೇ ಇದ್ದರು. ಅವರನ್ನು ನಾನು ಏನನ್ನೂ ಕೇಳಿರಲಿಲ್ಲ.

ಮನೆಗೆ ಬಂದು ಅಪ್ಪನ ಕೈಗಳನ್ನು ನೆನಪಿಗೆ ತಂದುಕೊಂಡೆ. ದೊಡ್ಡ ಕೈಗಳು. ಉಗುರಿನ ಸಂದಿಯಲ್ಲಿ, ಬೆರಳುಗಳ ಗೆರೆಗಳಲ್ಲಿ, ಕಂದು ಮಿಶ್ರಿತ ಕಪ್ಪು ಬಣ್ಣ ಸದಾ ಕಾಲವೂ ಇರುತ್ತಿತ್ತು. ವಿಮಾನದ ಚಕ್ರಗಳನ್ನು ಮಡಿಸಲು, ಬಾಲದ ರೆಕ್ಕೆಯನ್ನು ತಿರುಗಿಸಲು ಹೈಡ್ರಾಲಿಕ್ ಎಣ್ಣೆ ಬೇಕು. ಒತ್ತಡದಲ್ಲಿ ಹರಿಯುವ ಕೆಂಪು ಛಾಯೆಯ ಎಣ್ಣೆ. ಅಷ್ಟು ಚಿಕ್ಕ ಮೈಯಲ್ಲಿ ಅಷ್ಟೊಂದು ಕೊಳವೆಗಳನ್ನು ತುರುಕಿದ ನ್ಯಾಟ್ ವಿಮಾನದಲ್ಲಿ ಈ ವ್ಯವಸ್ಥೆ ಪದೇ ಪದೇ ತೊಂದರೆ ಕೊಡುತ್ತಿತ್ತು. ಮುಂದೆ ಅದನ್ನೆಲ್ಲ ತಿದ್ದಿ ‘ಅಜೀತ್’ ಎಂಬ ಸುಧಾರಿತ ವಿಮಾನವನ್ನು ಬೆಂಗಳೂರಿನಲ್ಲಿಯೇ ಮಾಡಿ 1975ರಲ್ಲಿ ಹಾರಿಸಿದರು. ಅಂಥ ಕೊಳವೆಗಳನ್ನು ಬಿಗಿಯುವುದೇ ಅಪ್ಪನ ಕೆಲಸ. ಆ ಎಣ್ಣೆಯೂ ಲೋಹದ ಪುಡಿಯೂ ಸೇರಿ ಅವರ ಕೈಗೆ ಬಣ್ಣ ಹಾಕಿದ್ದುವು. ಸೀಗೆಪುಡಿ, ಸೀಮೆಎಣ್ಣೆ, ಇಟ್ಟಿಗೆಚೂರು ಯಾವುದಕ್ಕೂ ಅದು ಹೋಗುತ್ತಿರಲಿಲ್ಲ.

ಇಲ್ಲಿ ನಾನು ಒಂದು ಸಂಗತಿಯನ್ನು ಹೇಳಲೇಬೇಕು. 1972ರ ಆರಂಭದ ದಿನಗಳು. ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಯುದ್ಧ ಮುಗಿದು ತಿಂಗಳೆರಡು ಕಳೆದಿದ್ದುವು. ನಮ್ಮ ಶಾಲೆಯಲ್ಲಿ ಪ್ರಬಂಧ ಸ್ಪರ್ಧೆ ನಡೆದು, ‘ನಮ್ಮ ವಾಯುಪಡೆ’ ಎಂಬ ನನ್ನ ಪ್ರಬಂಧಕ್ಕೆ ಮೊದಲನೆಯ ಬಹುಮಾನ ಬಂದಿತ್ತು. ನ್ಯಾಟ್ ವಿಮಾನವನ್ನು ಅದರಲ್ಲಿ ನಾನು ‘ನಿಷ್ಕಳಂಕವಾದ ರಜತಪಕ್ಷಿ’ ಎಂದು ಬಣ್ಣಿಸಿದ್ದೆ. ಆ ಪದಪುಂಜಕ್ಕೆ ಮೇಷ್ಟರು ಅಡಿಗೆರೆ ಎಳೆದು ಮೆಚ್ಚಿದ್ದರು. ಬಹುಮಾನ ವಿತರಣೆಯ ದಿನ ಗೆಳೆಯರ ತಂದೆಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಅಪ್ಪ ಪಾಳಿ ಮುಗಿಸಿ, ತಡವಾದೀತೆಂದು ಮನೆಗೂ ಹೋಗದೆ, ಕಾರ್ಖಾನೆಯ ಉಡುಪಿನಲ್ಲಿಯೇ ಸೈಕಲ್ ತುಳಿದುಕೊಂಡು ಬಂದರು. ನನ್ನ ಬೆನ್ನು ತಟ್ಟಲು ಕೈಯೆತ್ತಿದರು. ನನ್ನದು ಬಿಳಿಯ ಅಂಗಿ. ನಾನು ಹಿಂದಕ್ಕೆ ಸರಿದು, “ಅಪ್ಪಾ, ಕೈ ತೊಳೆದುಕೊಂಡು ಬರಬಾರದಿತ್ತೇ? ಎಲ್ಲರೂ ನೋಡುತ್ತಿದ್ದಾರೆ” ಎಂದು ಪಿಸುಗುಟ್ಟಿದೆ.

“ಮೂರು ಸಲ ತೊಳೆದೆ ಕಣೋ. ಹೋಗಲಿಲ್ಲ” ಎಂದರು ಅಪ್ಪ. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅಷ್ಟರಲ್ಲಿ ಛಾಯಾಗ್ರಾಹಕ ಬಂದು ಬಹುಮಾನ ಪಡೆದವರನ್ನೂ ಅವರ ತಂದೆಯರನ್ನೂ ನಿಲ್ಲಿಸಿ ಚಿತ್ರ ತೆಗೆದ.

ಅಪ್ಪ ಅದನ್ನು ಮತ್ತೆ ಎಂದೂ ಎತ್ತಲಿಲ್ಲ. ಆದರೆ ನಾಲ್ಕು ಜನರ ಮುಂದೆ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಲ್ಲುವುದು ಅವರಿಗೆ ಅಭ್ಯಾಸವಾಯಿತು. ನನ್ನ ಮದುವೆಯಲ್ಲಿಯೂ ಹಾಗೆಯೇ ನಿಂತಿದ್ದರು. ಆ ವೇಳೆಗೆ ಅವರು ಮೇಲ್ವಿಚಾರಕರಾಗಿದ್ದರು. ಕೈಯಲ್ಲಿ ಎಣ್ಣೆಯ ಗುರುತೂ ಇರಲಿಲ್ಲ. ನಾನು ಎಂ.ಎ. ಓದಿದೆ, ಮೇಷ್ಟರಾದೆ. “ಕೈ ಕೆಸರಾದರೆ ಬಾಯಿ ಮೊಸರು” ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ವರ್ಷ ವರ್ಷವೂ ಮಕ್ಕಳಿಗೆ ಹೇಳಿದೆ. ಚೆನ್ನಾಗಿ ವಿಸ್ತರಿಸಿದವರಿಗೆ ಪೂರ್ತಿ ಅಂಕ ಕೊಟ್ಟೆ. ಆ ಗಾದೆ ನಮ್ಮ ಮನೆಯಲ್ಲಿಯೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಓಡಾಡುತ್ತಿತ್ತೆಂಬುದು ನನಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಹೇಳುವ ಧೈರ್ಯವಾಗಲಿಲ್ಲವೋ ಏನೋ. 1994ರಲ್ಲಿ ಅಪ್ಪ ತೀರಿಕೊಂಡರು. ಅವರಲ್ಲಿ ನಾನು ಕ್ಷಮೆ ಕೇಳಲಿಲ್ಲ.

ವಸ್ತುಸಂಗ್ರಹಾಲಯದಿಂದ ಬಂದ ಆ ರಾತ್ರಿ ಮೊಮ್ಮಗ ಮಲಗಿದ ಮೇಲೆ ನಾನೊಬ್ಬನೇ ಮೇಜಿನ ಮುಂದೆ ಕುಳಿತೆ. ಕಂದು ಬಣ್ಣಕ್ಕೆ ಒಂದಿಷ್ಟು ಕೆಂಪು, ಒಂದಿಷ್ಟು ಕಪ್ಪು ಬೆರೆಸಿದೆ. ಚಕ್ರಗಳು ಮಡಿಸಿಕೊಳ್ಳುವ ಗೂಡಿನ ಹಿಂದೆ, ವಿಮಾನದ ಹೊಟ್ಟೆಯ ಮೇಲೆ, ಸಣ್ಣ ಕುಂಚದ ತುದಿಯಿಂದ ಒಂದು ಚುಕ್ಕೆ ಇಟ್ಟು ಬಾಲದ ಕಡೆಗೆ ಎಳೆದೆ. ಬಣ್ಣ ಸರಿಹೊಂದಲಿಲ್ಲ, ಒರೆಸಿದೆ. ಮತ್ತೆ ಬೆರೆಸಿದೆ. ನನ್ನ ಮುಂದೆ ಯಾವ ಚಿತ್ರವೂ ಇರಲಿಲ್ಲ. ಹುಡುಗನಾಗಿದ್ದಾಗ ಊಟಕ್ಕೆ ಕುಳಿತ ಅಪ್ಪ ಅನ್ನ ಕಲಸುತ್ತಿದ್ದ ಬೆರಳುಗಳು ಮಾತ್ರ ಕಣ್ಣೆದುರಿಗಿದ್ದುವು. ಹೀಗೆ ದಿನಕ್ಕೆ ಒಂದೆರಡು ಗೆರೆಗಳಂತೆ, ಬೇಡವೆನಿಸಿದ್ದನ್ನು ಅಳಿಸುತ್ತ, ಒಂದು ತಿಂಗಳು ಹಿಡಿಯಿತು. ತೆರೆದು ಮುಚ್ಚುವ ಮುಚ್ಚಳಗಳ ಅಂಚಿನಲ್ಲಿ ಮಾತ್ರ ಬಣ್ಣ ಎಬ್ಬಿಸಿದೆ; ಅಲ್ಲಿ ಯಾರೋ ತಿರುಪು ತಿರುಗಿಸಿದ್ದಾರೆ. ಮೈಯ ಸಂದುಗಳಲ್ಲಿ ಕಂಡೂ ಕಾಣದಂತೆ ಕಪ್ಪು ತುಂಬಿದೆ. ಅಲ್ಲಿ ಯಾರೋ ಒಂದೊಂದಾಗಿ ರಿವೆಟ್ ಹೊಡೆದಿದ್ದಾರೆ. ಹಾರಿಸಿದವರ ಧೈರ್ಯ ದೊಡ್ಡದು. ದೇಶ ಅದನ್ನು ಮರೆಯಬಾರದು. ಆ ಧೈರ್ಯ ಆಕಾಶದಲ್ಲಿ ನಿಶ್ಚಿಂತೆಯಿಂದಿರಲು ನೆಲದ ಮೇಲೆ ಎಷ್ಟೋ ಕೈಗಳು ಕೊಳೆಯಾಗಿರಬೇಕು. ನನ್ನ ಬಹುಮಾನದ ಪ್ರಬಂಧದಲ್ಲಿ ಅವರ ಬಗ್ಗೆ ಒಂದು ವಾಕ್ಯವೂ ಇರಲಿಲ್ಲ.

ಕೊನೆಯಲ್ಲಿ ಹೊಳಪನ್ನು ತಗ್ಗಿಸುವ ವಾರ್ನಿಷಿನ ಪದರ ಕೊಟ್ಟೆವು. ಮೊಮ್ಮಗ ವಿಮಾನವನ್ನು ಎತ್ತಿ, ತಿರುಗಿಸಿ, ಹೊಟ್ಟೆಯನ್ನು ಬಹಳ ಹೊತ್ತು ನೋಡಿದ. “ಈಗ ಇದು ಹಾರಿದೆ ತಾತ” ಎಂದ. ಯಾವ ಬಹುಮಾನವೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ.

ಹಳೆಯ ಪೆಟ್ಟಿಗೆಯಲ್ಲಿದ್ದ ಆ ಬಹುಮಾನ ವಿತರಣೆಯ ಚಿತ್ರವನ್ನು ಹುಡುಕಿ ತೆಗೆದು, ಚೌಕಟ್ಟು ಹಾಕಿಸಿ, ವಿಮಾನದ ಪಕ್ಕದಲ್ಲಿಟ್ಟಿದ್ದೇನೆ. ಮೊಮ್ಮಗ ಅದನ್ನು ನೋಡಿ, “ಮುತ್ತಾತನ ಕೈಗಳೇ ಕಾಣುವುದಿಲ್ಲವಲ್ಲ?” ಎಂದು ಕೇಳಿದ. ಅವನಿಗೆ ಎಲ್ಲವನ್ನೂ ಹೇಳಿದೆ. ನನ್ನ ವಯಸ್ಸಿನಲ್ಲಿ ಮೊಮ್ಮಗನ ಮುಂದೆ ತಪ್ಪೊಪ್ಪಿಕೊಳ್ಳುವುದು ಸುಲಭವಲ್ಲ. ಅವನು ಏನೂ ಹೇಳಲಿಲ್ಲ. ಚಿತ್ರವನ್ನು ವಿಮಾನಕ್ಕೆ ಇನ್ನಷ್ಟು ಹತ್ತಿರ ಸರಿಸಿ ಇಟ್ಟ.

ಆದ್ದರಿಂದ ನಮ್ಮ ಮನೆಗೆ ಬಂದವರಲ್ಲಿ ನನ್ನದೊಂದು ಪ್ರಾರ್ಥನೆ: ವಿಮಾನವನ್ನು ಕೈಗೆತ್ತಿಕೊಳ್ಳಿ, ತಿರುಗಿಸಿ ನೋಡಿ, ಒರೆಸಬೇಡಿ. ಅದನ್ನು ಒಮ್ಮೆ ಒರೆಸಹೋದವನು ನಾನೇ.